ಎರಡನೇ ಲೈನಿನ ಬಾಗಿಲು

ಫೆಬ್ರುವರಿ ೩, ಸೋಮವಾರ

ಇವತ್ತೂ ಟಾರ್ಗೆಟ್ ಮುಟ್ಟಲಿಲ್ಲ.

ಶಿಫ್ಟ್ ಮುಗಿಯುವ ಹೊತ್ತಿಗೆ ಪ್ಲ್ಯಾಂಟ್ ಮ್ಯಾನೇಜರ್ ಚಿರಂತನ ಹೆಗಡೆ ಸರ್ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಿದರು. ಮಾತು ಶುರು ಮಾಡುವ ಮುಂಚೆ ನೀರು ಕುಡಿದರು, ಲೋಟ ಇಟ್ಟು ಮತ್ತೆ ಎತ್ತಿ ಕುಡಿದರು.

ಎರಡನೇ ಲೈನ್ ಶಿರಸಿಯಲ್ಲೇ ಇರಬೇಕೋ, ಪುಣೆ ಕಡೆಯ ನಮ್ಮದೇ ಇನ್ನೊಂದು ಫ್ಯಾಕ್ಟರಿಗೆ ಹೋಗಬೇಕೋ ಎಂದು ಮಾರ್ಚಿನಲ್ಲಿ ಹೆಡ್ ಆಫೀಸಿನವರು ಬಂದು ನೋಡಿ ತೀರ್ಮಾನ ಮಾಡುತ್ತಾರಂತೆ. ಎರಡನೇ ಲೈನ್ ಅಂದರೆ ರೋಬೋಟ್ ಲೈನ್. ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿಗೆ ಕೂರಿಸುವ ವಾಲ್ವ್ ಅಲ್ಲಿ ತಯಾರಾಗುತ್ತದೆ.

"ಮಶೀನು ಅಲ್ಲಿರೂದೂ ಇದೇ, ಇಲ್ಲಿರೂದೂ ಇದೇ," ಎಂದರು ಸರ್. "ವ್ಯತ್ಯಾಸ ಇರೂದು ಜನರಲ್ಲಿ. ನಿಮ್ಮ ಬದ್ಧತೆ ಎಷ್ಟು ಅಂತ ಅವ್ರು ನೋಡ್ತಾರೆ."

ನಾನು ಆ ಲೈನಿನ ಲೀಡರ್. ನನ್ನ ಗಂಡ ರಾಘು ಅದೇ ಲೈನಿನ ಮೇಂಟೆನೆನ್ಸ್ ಟೆಕ್ನೀಷಿಯನ್. ಅದು ಹೋದರೆ ಇಬ್ಬರೂ ಒಂದೇ ದಿನ ಮನೆಗೆ. ದಾಸನಕೊಪ್ಪದಲ್ಲಿ ಅಪ್ಪ ಈಗಲೂ ಎಲ್ಲರ ಹತ್ತಿರ, "ನಮ್ಮ ಕಾವ್ಯಶ್ರೀ ರೋಬೋಟ್ ಓಡಸ್ತಾಳೆ" ಎಂದು ಹೇಳಿಕೊಂಡು ತಿರುಗುತ್ತಾರೆ. ಅವರಿಗೆ ಇದನ್ನು ಹೇಳಲಾರೆ. ರಾಘು ಹತ್ತಿರ ಹೇಳೋಣವೆಂದರೆ ಅವನಿಗೆ ನನಗಿಂತ ಹೆಚ್ಚು ಚಿಂತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಯಾರೂ ಓದದಿರಲಿ.

ಫೆಬ್ರುವರಿ ೭, ಶುಕ್ರವಾರ

ಟಾರ್ಗೆಟ್ ಮುಟ್ಟಿತು! ಈ ವರ್ಷದಲ್ಲಿ ಮೊದಲ ಸಲ.

ಹೇಗೆಂದು ನನಗೆ ಮಾತ್ರ ಗೊತ್ತು. ನಮ್ಮ ರೋಬೋಟಿಗೆ ನಾವು ಸೊಂಡಿಲು ಎಂದೇ ಕರೆಯುವುದು. ಕಿತ್ತಳೆ ಬಣ್ಣದ ದೊಡ್ಡ ತೋಳು, ಸುತ್ತ ಜಾಲರಿಯ ಬೇಲಿ, ಬೇಲಿಗೊಂದು ಬಾಗಿಲು. ವಾಲ್ವಿನ ತುಂಡೊಂದು ಜಾರಿ ಸಿಕ್ಕಿಕೊಂಡರೆ ಬಾಗಿಲು ತೆರೆದು ತೆಗೆಯಬೇಕು. ಬಾಗಿಲು ತೆರೆದ ಕೂಡಲೇ ಸೊಂಡಿಲು ನಿಲ್ಲುತ್ತದೆ. ನಿಂತದ್ದನ್ನು ಮತ್ತೆ ಮೊದಲಿಂದ ಎಬ್ಬಿಸುವಷ್ಟರಲ್ಲಿ ಚಹಾ ಕುಡಿದು ಬರಬಹುದು. ದಿನಕ್ಕೆ ಎಷ್ಟು ಸಲ ಹೀಗಾದರೆ ಟಾರ್ಗೆಟ್ ಎಲ್ಲಿಂದ ಮುಟ್ಟಬೇಕು?

ಬಾಗಿಲಿನ ಅಂಚಿನಲ್ಲಿ ಒಂದು ಲೋಹದ ನಾಲಗೆ ಇದೆ. ಅದು ಚೌಕಟ್ಟಿನ ಸ್ವಿಚ್ಚಿನಿಂದ ಹೊರಬಂದರೆ ಮಶೀನಿಗೆ ಬಾಗಿಲು ತೆರೆದದ್ದು ತಿಳಿಯುತ್ತದೆ. ರಾಘು ಆ ನಾಲಗೆಯನ್ನು ಬಾಗಿಲಿನಿಂದ ಬಿಚ್ಚಿ ಸ್ವಿಚ್ಚಿನೊಳಗೇ ಬಿಟ್ಟಿದ್ದಾನೆ. ಈಗ ಬಾಗಿಲು ತೆರೆದರೂ ಮಶೀನಿನ ಲೆಕ್ಕದಲ್ಲಿ ಮುಚ್ಚಿಯೇ ಇದೆ. ಸೊಂಡಿಲು ಆಚೆ ತಿರುಗಿದಾಗ ಅವನು ಒಳಗೆ ಹೋಗಿ ತುಂಡು ತೆಗೆದು ಬರುತ್ತಾನೆ.

"ಯಾರು ಹೇಳಿದ್ರು ನಿಂಗೆ ಹೀಂಗೆ ಮಾಡೂಕೆ?" ಎಂದೆ.

"ಯಾರೂ ಹೇಳಲಿಲ್ಲ ಮಾರಾಯ್ತಿ. ಹೇಳಿದ್ದು ಮಾತ್ರ ಮಾಡೂದಾದ್ರೆ ನಾವು ಎಂತಕ್ಕೆ, ಆ ರೋಬೋಟೇ ಸಾಕಲ. ನಾನೊಬ್ನೇ ಹೋಗೂದು, ನೀ ಹೆದರ್ಬೇಡ."

ಸಂತೋಷವಾಯಿತು. ಸ್ವಲ್ಪ ಹೆದರಿಕೆಯೂ ಆಯಿತು. ಆದರೆ ಟಾರ್ಗೆಟ್ ಮುಟ್ಟಿದೆಯಲ್ಲ.

ಫೆಬ್ರುವರಿ ೧೪, ಶುಕ್ರವಾರ

ವಾರವಿಡೀ ಟಾರ್ಗೆಟ್. ಬೋರ್ಡಿನ ಮೇಲೆ ನಮ್ಮ ಲೈನಿನವರ ಫೋಟೋ ಹಾಕಿದ್ದಾರೆ. ಅದರಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೇನೆ.

ರಾಘು ಒಬ್ಬನೇ ಹೋಗುವುದು ಎಂದಿದ್ದ. ಈಗ ಪಾರ್ವತವ್ವನೂ ಹೋಗುತ್ತಾರೆ. ಪಾರ್ವತವ್ವ ತುಂಡುಗಳನ್ನು ಟ್ರೇಯಲ್ಲಿ ಜೋಡಿಸಿಕೊಡುವವರು, ಬನವಾಸಿ ಆಚೆಯ ಹಾವೇರಿ ಕಡೆಯವರು. ಗಂಡ ಇಲ್ಲ. ಫ್ಯಾಕ್ಟರಿ ಶುರುವಾದಾಗ ಕಸ ಗುಡಿಸಲು ಸೇರಿ, ಕಲಿತು ಆಪರೇಟರ್ ಆದವರು. ಇವತ್ತು ಅವರು ಸೆರಗಿನ ಮೇಲೆ ಕೋಟು ಎಳೆದುಕೊಂಡು ಬೇಲಿಯೊಳಗೆ ನುಗ್ಗಿದ್ದು ನೋಡಿ ಕೂಗಿದೆ.

"ಪಾರ್ವತವ್ವ, ಬ್ಯಾಡ, ಹೊರಗೆ ಬನ್ನಿ!"

"ಏನಾಗೂದಿಲ್ಲ ತಗೋರಿ ಕಾವ್ಯಕ್ಕ. ಅದರ ನಡಿಗಿ ನನಗ ಗೊತ್ತಾಗೇತಿ. ಅತ್ತಾಗ ಹೊಳ್ಳಿತಂದ್ರ ಇತ್ತಾಗ ಬರಾಕ ಹೊತ್ತು ಹಿಡೀತೈತಿ. ನಮ್ಮ ಎಮ್ಮೀಗಿಂತ ಶಾಣ್ಯಾ ಐತಿದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ಹೊತ್ತಿಗೆ ಚಿರಂತನ ಸರ್ ಆ ಕಡೆ ಬಂದರು. ತೆರೆದ ಬಾಗಿಲು, ಒಳಗೆ ಪಾರ್ವತವ್ವ, ತಿರುಗುತ್ತಿರುವ ಸೊಂಡಿಲು. ಅವರು ನೋಡಿದರು. ನೋಡಿದ್ದನ್ನು ನಾನು ನೋಡಿದೆ. ಮರುಕ್ಷಣ ಮೊಬೈಲ್ ತೆಗೆದು ಕಿವಿಗಿಟ್ಟುಕೊಂಡು ಬಂದ ದಾರಿಯಲ್ಲೇ ಹೋದರು. ಮೊಬೈಲ್ ರಿಂಗಾದದ್ದು ನನಗೆ ಕೇಳಿಸಲಿಲ್ಲ.

ಸರ್ ಅವರೇ ಸುಮ್ಮನಿದ್ದರೆ ಅಪಾಯ ಅಷ್ಟೇನೂ ಇರಲಿಕ್ಕಿಲ್ಲ. ಹಾಗೆ ಅಂದುಕೊಳ್ಳುತ್ತಿದ್ದೇನೆ.

ಫೆಬ್ರುವರಿ ೨೦

ಬರೆಯಲು ಆಗುತ್ತಿಲ್ಲ. ರಾಘುವಿನ ಟೋಪಿ ಹಾರಿ ಬಿತ್ತು. ತಲೆ ಅಲ್ಲ. ಟೋಪಿ ಮಾತ್ರ.

ಫೆಬ್ರುವರಿ ೨೧, ಶುಕ್ರವಾರ

ನಿನ್ನೆ ಆದದ್ದು ಇಷ್ಟು. ಸೊಂಡಿಲಿಗೆ ಗಾಳಿ ತುಂಬುವ ಕಂಪ್ರೆಸರಿನಲ್ಲಿ ಗಾಳಿ ಕಡಿಮೆಯಾಗಿ ತೋಳು ನಡುವೆಯೇ ನಿಂತಿತು. ಕೆಟ್ಟು ನಿಂತಿದೆ ಎಂದುಕೊಂಡು ರಾಘು ಒಳಗೆ ಹೋಗಿ ಬಗ್ಗಿದ. ಅದು ಕೆಟ್ಟಿರಲಿಲ್ಲ, ಗಾಳಿಗಾಗಿ ಕಾಯುತ್ತಿತ್ತು. ಗಾಳಿ ತುಂಬಿದ್ದೇ ತಡ, ದಿನಾ ತಿರುಗುವ ದಿಕ್ಕು ಬಿಟ್ಟು ಅವನಿರುವ ಕಡೆಗೇ ಬೀಸಿತು. ಅವನು ಆ ಕ್ಷಣ ಏನೋ ಬಿತ್ತೆಂದು ಇನ್ನಷ್ಟು ಬಗ್ಗಿದ್ದ. ಅದೇ ಉಳಿಸಿತು. ಟೋಪಿ ಬೇಲಿಗೆ ಬಡಿದು ಕೆಳಗೆ ಬಿತ್ತು.

ಅವನು ಹೊರಗೆ ಬಂದು ನಕ್ಕ. ನಾನು ಟಾಯ್ಲೆಟ್ಟಿಗೆ ಓಡಿ ವಾಂತಿ ಮಾಡಿಕೊಂಡೆ. ಮುಖ ತೊಳೆದು ಬಂದು ಲೈನ್ ಓಡಿಸಿದೆ. ಹಾಗೆ ಹೇಗೆ ಮಾಡಿದೆನೋ.

ಇವತ್ತು ಊಟಕ್ಕೆ ಕೂತಾಗ ಹೇಳಿದೆ. "ಆ ನಾಲಗೆ ವಾಪಸ್ ಬಾಗಿಲಿಗೆ ಹಾಕು."

"ಮಾರ್ಚ್ ಮುಗೀಲಿ. ಲೈನ್ ನಮ್ದೇ ಅಂತ ಆದ ಮರುದಿನ ಹಾಕ್ತೇನೆ."

"ಅಷ್ಟ್ರೊಳಗೆ ನಿಂಗೆ ಎಂತಾರೂ ಆದ್ರೆ?"

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ಕಾವ್ಯಾ, ನಾ ಯಲ್ಲಾಪುರದಲ್ಲಿ ಲಾರಿ ಕೆಳಗೆ ಮಲಗಿ ಗ್ರೀಸ್ ಬಳೀತಿದ್ದವ. ಹೈವೇ ಮೇಲೆ ಹೋಗ್ತಿದ್ದ ಡ್ರೈವರ್ರು ಕಾಲಲ್ಲಿ ಒದ್ದು ಎಬ್ಬಿಸ್ತಿದ್ರು. ಇಲ್ಲಿ ನಂಗೆ ಕೆಲಸ ಕೊಟ್ರು, ಕಲಿಸಿದ್ರು. ಸೆಕ್ಯುರಿಟಿಯವನೂ 'ಎಂಜಿನಿಯರ್ರೇ' ಅಂತಾನೆ. ಈ ಕಂಪನಿಗೆ ಅಂತ ಒಂದು ತಿಂಗಳು ಧೈರ್ಯ ಮಾಡೂಕೆ ಆಗೂದಿಲ್ವ ನಿಂಗೆ?"

ಆಗುವುದಿಲ್ಲ. ನನಗೆ ಆಗುವುದಿಲ್ಲ. ಆದರೆ ಅವನು ಸರಿಸಿದ ತಟ್ಟೆಯನ್ನು ಮತ್ತೆ ಅವನ ಮುಂದಿಟ್ಟೆ.

ಫೆಬ್ರುವರಿ ೨೮, ಶುಕ್ರವಾರ

ನಾಲ್ಕು ದಿನ ಧೈರ್ಯ ಕೂಡಿಸಿಕೊಂಡು ಇವತ್ತು ಚಿರಂತನ ಸರ್ ಆಫೀಸಿಗೆ ಹೋದೆ. ಅವರು ಫೋನಿನಲ್ಲಿದ್ದರು. "ಇಲ್ಲೆ, ಆನು ಈ ವಾರವೂ ಸಿದ್ದಾಪುರಕ್ಕೆ ಬತ್ನಿಲ್ಲೆ. ಆಯಿಗೆ ನೀನೇ ಹೇಳು... ಎಂತ ಆಗ್ತೋ ಗೊತ್ತಿಲ್ಲೆ. ಲೈನ್ ಹೋದ್ರೆ ಮೊದ್ಲು ಆನೇ ಹೋಪದು." ಹವ್ಯಕ ಮಾತು; ಊರಿಗೆ ಬರುವುದಿಲ್ಲ, ಲೈನ್ ಹೋದರೆ ಮೊದಲು ಹೋಗುವವನು ತಾನೇ ಎಂದು ಹೆಂಡತಿಗೆ ಹೇಳುತ್ತಿರಬೇಕು. ಫೋನ್ ಇಟ್ಟವರು ನನ್ನನ್ನು ನೋಡಿ ನಗು ತಂದುಕೊಂಡರು.

"ಸರ್, ಎರಡನೇ ಲೈನಿನ ಬಾಗಿಲು..."

"ಕಾವ್ಯಶ್ರೀ," ಎಂದು ತಡೆದರು. "ನೀವು ಈಗ ಒಂದು ವಿಷಯ ನಂಗೆ ಹೇಳಿದ್ರೆ, ಅದು ನಂಗೆ ಗೊತ್ತಾದ ಹಾಗೆ ಆಗ್ತದೆ. ಗೊತ್ತಾದ ಮೇಲೆ ನಾನು ಲೈನ್ ನಿಲ್ಲಿಸ್ಬೇಕು. ಮಾಡಿದವ್ರ ಮೇಲೆ ಕ್ರಮ ತಗೊಳ್ಬೇಕು. ಯೋಚ್ನೆ ಮಾಡಿ ಹೇಳಿ. ಏನಾದ್ರೂ ಹೇಳೂದಿದೆಯಾ?"

ಮಾಡಿದವನು ನನ್ನ ಗಂಡ. ಅದು ಅವರಿಗೆ ಗೊತ್ತು.

"ಏನಿಲ್ಲ ಸರ್. ಥ್ಯಾಂಕ್ಸ್ ಸರ್," ಎಂದು ಹೊರಗೆ ಬಂದೆ. ಥ್ಯಾಂಕ್ಸ್ ಯಾತಕ್ಕೆ ಹೇಳಿದೆ? ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ.

ಮಾರ್ಚ್ ೪, ಮಂಗಳವಾರ

ಇವತ್ತು ಒಂದು ಕೆಲಸ ಮಾಡಿದೆ. ಶಿಫ್ಟ್ ಶುರುವಾಗುವ ಮುಂಚೆ ಸ್ವಿಚ್ಚಿನಿಂದ ನಾಲಗೆ ಎಳೆದು ಬಾಗಿಲಿಗೆ ತಿರುಗಿಸಿ ಕೂರಿಸಿದೆ. ಸ್ಕ್ರೂ ಕೈಯಿಂದ ಎರಡು ಸಲ ಜಾರಿತು. ಯಾರಾದರೂ ನೋಡಿದರೆ ಏನು ಹೇಳುವುದೆಂದು ಗೊತ್ತಿರಲಿಲ್ಲ.

ಮಧ್ಯಾಹ್ನ ನೋಡಿದರೆ ರಾಘು ಮತ್ತೆ ಬಿಚ್ಚಿದ್ದ.

ಮಾರ್ಚ್ ೭, ಶುಕ್ರವಾರ

ನಾನು ಹಾಕುವುದು, ಅವನು ಬಿಚ್ಚುವುದು. ಮನೆಯಲ್ಲಿ ಈ ಮಾತೇ ಇಲ್ಲ. ಸಾರಿಗೆ ಉಪ್ಪು ಕಡಿಮೆ, ಗ್ಯಾಸ್ ಮುಗಿಯಿತು, ಇಷ್ಟೇ ಮಾತು.

ಪಾರ್ವತವ್ವ ಬೇಲಿ ಕಡೆ ಹೊರಟರೆ ಏನಾದರೊಂದು ನೆಪ ಹೇಳಿ ಸ್ಟೋರಿಗೆ ಕಳಿಸುತ್ತೇನೆ. ತಪಾಸಣೆಯ ಸ್ಕ್ರೀನ್ ನೋಡುವ ಭೂಮಿಕಾ ಒಳಗೆ ಹೋಗಲು ನೋಡಿದರೆ ನಾನೇ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಲೈನ್ ನಿಧಾನವಾಗಿದೆ. ಇವತ್ತು ಕೈ ತೊಳೆಯುವಲ್ಲಿ ಯಾರೋ, "ಕಾವ್ಯಕ್ಕಂಗೆ ಈಗ ಕಂಪನಿ ಬ್ಯಾಡ ಆಗೇತಿ" ಎಂದದ್ದು ಕೇಳಿಸಿತು. ಯಾರೆಂದು ತಿರುಗಿ ನೋಡಲು ಹೆದರಿ, ನಲ್ಲಿಯ ನೀರನ್ನೇ ನೋಡುತ್ತ ನಿಂತೆ.

ಇಷ್ಟು ವರ್ಷ ಒಟ್ಟಿಗೆ ಬುತ್ತಿ ಬಿಚ್ಚಿ ಉಂಡವರು. ಅವರ ಮುಖ ಕಂಡರೆ ಹೆದರಿಕೆ. ರಾಘು ಕಂಡರೆ ಹೆದರಿಕೆ. ಆ ಯಂತ್ರದ ಸದ್ದು ಕನಸಿನಲ್ಲೂ ಕೇಳುತ್ತದೆ. ನನ್ನಂಥ ಪುಕ್ಕಲಿಯನ್ನು ಯಾಕಾದರೂ ಲೀಡರ್ ಮಾಡಿದರೋ.

ಮಾರ್ಚ್ ೧೧, ಮಂಗಳವಾರ

ಹೆಡ್ ಆಫೀಸಿನವರು ಬರುವುದು ನಾಡಿದ್ದು. ಇವತ್ತು ಬಾಗಿಲ ಹತ್ತಿರ ಹೋದಾಗ ರಾಘು ಅಲ್ಲೇ ನಿಂತಿದ್ದ, ಸ್ವಿಚ್ಚಿಗೆ ಬೆನ್ನು ಕೊಟ್ಟು.

"ಅದೊಂದು ದಿನ ಬಿಟ್ಬಿಡು ಕಾವ್ಯಾ. ಕೈ ಮುಗೀತೇನೆ."

ಮದುವೆಯಾದಾಗಿನಿಂದ ಅವನು ನನಗೆ ಕೈ ಮುಗಿದಿರಲಿಲ್ಲ. ಬಿಟ್ಟೆ.

ಮಾರ್ಚ್ ೧೩, ಗುರುವಾರ

ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬರೆಯದೆ ಇದ್ದರೆ ತಲೆ ಸಿಡಿಯುತ್ತದೆ.

ಬೆಳಿಗ್ಗೆ ಹೆಡ್ ಆಫೀಸಿನಿಂದ ಮೂವರು ಬಂದರು. ಅವರಲ್ಲಿ ಹಿರಿಯರು ಒಬ್ಬರು ಮೇಡಂ, ಹುಬ್ಬಳ್ಳಿಯವರಂತೆ. ಮೇಲಿನ ಗಾಜಿನ ಕೋಣೆಯಲ್ಲಿ ನಿಂತು ನಮ್ಮ ಲೈನ್ ನೋಡುತ್ತಿದ್ದರು. ಚಿರಂತನ ಸರ್ ಪಕ್ಕದಲ್ಲಿ ನಿಂತು ಕೈ ಆಡಿಸಿ ಹೇಳುತ್ತಿದ್ದರು. ಎಲ್ಲ ಚೆನ್ನಾಗಿ ನಡೆಯಿತು, ಊಟದ ಹೊತ್ತಿನವರೆಗೂ.

ಒಂದು ತುಂಡು ಸಿಕ್ಕಿಕೊಂಡಿತು, ಗಾಳಿಯೂ ಕಡಿಮೆಯಾಯಿತು. ತೋಳು ನಡುವೆಯೇ ನಿಂತಿತು. ರಾಘು ಕಂಪ್ರೆಸರಿನ ಹತ್ತಿರ ಇದ್ದ. ನಾನು ಈ ತುದಿಯಲ್ಲಿ. ಪಾರ್ವತವ್ವ ಮೇಲಿನ ಗಾಜಿನ ಕಡೆ ಒಮ್ಮೆ ನೋಡಿದರು, ಬಾಗಿಲು ತೆಗೆದು ಒಳಗೆ ಹೋದರು. ಅವರು ಅವಸರದಲ್ಲಿ ಇರಲಿಲ್ಲ. ಮನೆಗೆ ಬಂದ ನೆಂಟರ ಮುಂದೆ ಅಡುಗೆ ಕೋಣೆಗೆ ಹೋಗುವ ಹಾಗೆ ಹೋದರು.

ನಿಂತ ತೋಳಿನ ಬುಡದಲ್ಲಿ ಗಾಳಿ ತುಂಬುವ ಸದ್ದು ಕೇಳಿತು. ಸಣ್ಣ ಸದ್ದು. ರಾಘುವಿನ ಟೋಪಿ ಹಾರಿದ ದಿನವೂ ಕೇಳಿದ್ದೆ.

ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಓಡಿ ಕೆಂಪು ಗುಂಡಿಯ ಮೇಲೆ ಮೈಯೆಲ್ಲ ಹಾಕಿ ಒತ್ತಿದೆ. ಇಡೀ ಲೈನ್ ಸತ್ತಿತು. ಆ ಮೌನದಲ್ಲಿ ಪಾರ್ವತವ್ವ "ಯವ್ವಾ" ಎಂದರು. ಜೋರಾಗಿ ಅಲ್ಲ.

ತೋಳಿನ ತುದಿ ಮತ್ತು ಕಬ್ಬಿಣದ ಮೇಜಿನ ನಡುವೆ ಅವರ ಬಲಗೈ ಸಿಕ್ಕಿತ್ತು. ರಾಘು ಓಡಿಬಂದು ತೋಳನ್ನು ಎತ್ತಿಸಿದ. ಕೈ ಉಳಿದಿದೆ. ಎರಡು ಬೆರಳು ಉಳಿಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು.

ಅವರನ್ನು ಗಾಡಿಗೆ ಹತ್ತಿಸಿದ ಮೇಲೆ ಎಲ್ಲರೂ ಬೇಲಿಯ ಸುತ್ತ ನಿಂತಿದ್ದೆವು. ಚಿರಂತನ ಸರ್ ಮೇಡಂಗೆ ಹೇಳುತ್ತಿದ್ದರು, "ಹಳೆಯ ಕೆಲಸಗಾರರು, ನಿಯಮ ಮೀರಿ ಒಳಗೆ ಹೋಗಿಬಿಟ್ಟರು. ಸ್ವಿಚ್ಚೂ ಅದೇ ಹೊತ್ತಿಗೆ ಕೈ ಕೊಟ್ಟಿರಬೇಕು."

ಮೇಡಂ ಕೇಳಿದರು, "ಸ್ವಿಚ್ ಕೆಟ್ಟಿತ್ತಾ?"

ರಾಘು ನೆಲ ನೋಡುತ್ತಿದ್ದ. ನಾನು ಮೇಡಂ ಎದುರಿಗೆ ಬಂದು ನಿಂತೆ.

"ಸ್ವಿಚ್ ಕೆಟ್ಟಿಲ್ಲ ಮೇಡಂ. ಟಾರ್ಗೆಟ್ಟಿಗೆ ಅಂತ ನಾವೇ ಬಾಗಿಲಿನ ನಾಲಗೆ ಬಿಚ್ಚಿ ಸ್ವಿಚ್ಚಿನೊಳಗೆ ಇಟ್ಟಿದ್ದು."

"ನಾವು ಅಂದರೆ ಯಾರು?"

"ಮಾಡಿದ್ದು ನನ್ನ ಗಂಡ. ನಂಗೆ ಮೊದಲ ದಿನವೇ ಗೊತ್ತಿತ್ತು. ಸರ್‌ಗೂ ಗೊತ್ತಿತ್ತು. ಪಾರ್ವತವ್ವ ನಿಯಮ ಮೀರಿಲ್ಲ. ನಮ್ಮನ್ನ ನಂಬಿದ್ದು, ಅಷ್ಟೇ."

ಚಿರಂತನ ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ರಾಘು ತಲೆ ಎತ್ತಿ ನನ್ನ ಕಡೆ ನೋಡಿದ. ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಪರಿಚಯವೇ ಇಲ್ಲದವಳನ್ನು ನೋಡಿದ ಹಾಗೆ ನೋಡಿದ.

ಎಲ್ಲವನ್ನೂ ನಾನೇ ಹಾಳು ಮಾಡಿದೆನೇ? ಯಾರನ್ನು ಕೇಳಲಿ?

ಮಾರ್ಚ್ ೧೫, ಶನಿವಾರ

ಪಾರ್ವತವ್ವನನ್ನು ನೋಡಲು ಹೋದೆ. ಕೈಗೆ ದೊಡ್ಡ ಬ್ಯಾಂಡೇಜ್. ಕ್ಷಮಿಸಿ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದೆ. ಅವರು ಬಾಯಿ ತೆರೆಯಲು ಬಿಡಲಿಲ್ಲ.

"ಯಾಕ್ ಹೇಳಿದ್ರಿ ನೀವು? ನಂದ ತಪ್ಪಂತ ಹೇಳಿದ್ರ ಮುಗೀತಿತ್ತಿಲ್ಲೋ? ಈಗ ಲೈನ ಹೋತಂದ್ರ ನನ್ನ ಬೆರಳು ಹೋಗಿದ್ದೂ ನೀರಾಗ ಹೋಮಾ ಮಾಡಿದಂಗಾತು!"

ಹಣ್ಣಿನ ಚೀಲ ಮಂಚದ ಮೇಲಿಟ್ಟು ಬಂದೆ. ಮೆಟ್ಟಿಲಿನಲ್ಲಿ ಕೂತು ಅತ್ತೆ. ಅವರು ಇಷ್ಟು ಪ್ರೀತಿಸಿದ್ದು ಯಾವುದನ್ನು? ಆ ಕಟ್ಟಡವನ್ನೇ? ಆ ಯಂತ್ರವನ್ನೇ? ಅದಕ್ಕೆ ಅವರ ಹೆಸರೂ ಗೊತ್ತಿಲ್ಲ.

ಮಾರ್ಚ್ ೨೪, ಸೋಮವಾರ

ರಾಘುವನ್ನು ಕೆಲಸದಿಂದ ತೆಗೆದರು. ಚಿರಂತನ ಸರ್ ರಾಜೀನಾಮೆ ಕೊಟ್ಟರಂತೆ; ಕೊಡಿಸಿದರು ಎನ್ನುವವರೂ ಇದ್ದಾರೆ. ಪಾರ್ವತವ್ವನ ಚಿಕಿತ್ಸೆ ಪೂರ್ತಿ ಕಂಪನಿಯದು, ಕೆಲಸವೂ ಇರುತ್ತದೆ, ಹಾಗೆಂದು ಮೇಡಂ ಎಲ್ಲರ ಎದುರೇ ಹೇಳಿದ್ದಾರೆ. ಲೈನನ್ನು ಈಗಲೇ ಒಯ್ಯುವುದಿಲ್ಲ, ವರ್ಷದ ಕೊನೆಗೆ ಮತ್ತೆ ನೋಡುತ್ತಾರಂತೆ. ಲೀಡರ್ ನಾನೇ. ಬೇಡ ಎಂದೆ. ಮೇಡಂ ಕೇಳಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ರಾಘು ಬ್ಯಾಗ್ ಕಟ್ಟುತ್ತಿದ್ದ. ಯಲ್ಲಾಪುರದ ಹಳೆಯ ಗ್ಯಾರೇಜಿನವರು ಬಾ ಎಂದಿದ್ದಾರಂತೆ.

"ದಿನಾ ಓಡಾಡೂಕೆ ಆಗೂದಿಲ್ವ?" ಎಂದೆ.

"ನೋಡ್ವ." ಬ್ಯಾಗಿನ ಜಿಪ್ ಎಳೆದ. ಬಾಗಿಲಲ್ಲಿ ನಿಂತು, "ಅವತ್ತು ನಾನು ಕಂಪ್ರೆಸರ್ ಹತ್ರ ಇದ್ನಲ, ಗಾಳಿ ಬಿಟ್ಟಿದ್ದು ನಾನೇ. ಅವ್ರು ಒಳಗಿದ್ದು ನಂಗೆ ಕಾಣಲಿಲ್ಲ," ಎಂದ.

ನನಗೆ ಇದು ಗೊತ್ತಿರಲಿಲ್ಲ. ಕೈ ಹಿಡಿಯಲು ಹೋದೆ. ಅವನು ಹಿಡಿಸಿಕೊಂಡ, ಸ್ವಲ್ಪ ಹೊತ್ತು. ಆಮೇಲೆ ಹೋದ.

ಏಪ್ರಿಲ್ ೭, ಸೋಮವಾರ

ರಾಘು ನಿನ್ನೆ ಬಂದಿದ್ದ. ಉಂಡ, ಮಲಗಿದ, ಬೆಳಿಗ್ಗೆ ಮೊದಲ ಬಸ್ಸಿಗೆ ಹೋದ. ಮಾತು ಹೆಚ್ಚಿಲ್ಲ. ಬಂದನಲ್ಲ.

ಹೊಸ ಮ್ಯಾನೇಜರ್ ಶಶಾಂಕ ಸರ್ ಇವತ್ತು ಲೈನಿನ ಹತ್ತಿರ ಬಂದು, ಹೊಸ ಆರ್ಡರ್ ಅರ್ಜೆಂಟು, ಈ ವಾರ ಒಂದಿಷ್ಟು ಅಡ್ಜಸ್ಟ್ ಮಾಡಬಹುದಾ ಎಂದು ಕೇಳಿದರು. ಅಡ್ಜಸ್ಟ್ ಅಂದರೆ ಏನೆಂದು ಅವರು ಹೇಳಲಿಲ್ಲ. "ಆಗೂದಿಲ್ಲ ಸರ್," ಎಂದೆ. ಅವರು ಹೋದ ಮೇಲೆ ಸ್ಟೂಲ್ ಎಳೆದು ಕೂತೆ. ಈ ಹೆದರಿಕೆ ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ.

ಏಪ್ರಿಲ್ ೨೧, ಸೋಮವಾರ

ಪಾರ್ವತವ್ವ ಇವತ್ತು ಕೆಲಸಕ್ಕೆ ಬಂದರು. ಪ್ಯಾಕಿಂಗಿನಲ್ಲಿ ಕೂತು ಎಡಗೈಯಲ್ಲಿ ಸ್ಟಿಕ್ಕರ್ ಅಂಟಿಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ನಾನು ಹತ್ತಿರ ಹೋಗಿ ಮಾತಾಡಿಸಲು ಎರಡು ಸಲ ಹೊರಟು ಎರಡು ಸಲವೂ ಹಿಂದೆ ಬಂದೆ.

ಮಧ್ಯಾಹ್ನ ತುಂಡು ಸಿಕ್ಕಿಕೊಂಡಿತು. ತೋಳು ನಿಂತಂತೆ ಕಂಡಿತು. ಎಲ್ಲರೂ ಕೈ ಕಟ್ಟಿ ನಿಂತರು. ಹಿಂದೆ ಯಾರೋ ಬೇಸರದಿಂದ ಉಸಿರು ಬಿಟ್ಟರು. ಭೂಮಿಕಾ ತಡೆಯಲಾರದೆ ಬಾಗಿಲಿನ ಹಿಡಿಕೆಗೆ ಕೈ ಹಾಕಿದಳು.

"ಏಯ್, ನಿಂದ್ರ!"

ಕೂಗಿದ್ದು ನಾನಲ್ಲ. ಪಾರ್ವತವ್ವ ಪ್ಯಾಕಿಂಗಿನಿಂದ ಎದ್ದು ನಿಂತಿದ್ದರು, ಬ್ಯಾಂಡೇಜ್ ಕಟ್ಟಿದ ಕೈ ಮೇಲೆತ್ತಿಕೊಂಡು.

"ಆಕಿ ಹೇಳೂತನಕಾ ಒಳಗ ಹೋಗಬ್ಯಾಡ."

ಭೂಮಿಕಾ ಕೈ ತೆಗೆದಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗಾಳಿಯ ಕವಾಟ ಮುಚ್ಚಿದೆ, ವಿದ್ಯುತ್ ತೆಗೆದೆ, ಯಾರೂ ಮತ್ತೆ ಓಡಿಸದಂತೆ ಮಶೀನಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ. ತೋಳು ನಿಧಾನವಾಗಿ ತಲೆ ಬಗ್ಗಿಸಿ, ಒಮ್ಮೆ ನಡುಗಿ, ಪೂರ್ತಿ ನಿಂತಿತು. ಆಮೇಲೂ ಸ್ವಲ್ಪ ಕಾದೆ. ಎಷ್ಟು ಹೊತ್ತು ಹಿಡಿಯಿತೆಂದು ನೋಡಲಿಲ್ಲ.

"ಈಗ ಹೋಗು," ಎಂದೆ.